ಸಿಪಿಯು ಅಣ್ಣನ ಪಾಲಿಗೆ, ಮಾನಿಟರ್ ತಮ್ಮನ ಪಾಲಿಗೆ

ನನ್ನ ಅಂಗಡಿಗೆ ಹಳೇ ಕಂಪ್ಯೂಟರ್ ಕೊಳ್ಳಲು ಬಂದವರಿಗೆ ಮೊದಲು ಹೇಳುವ ಮಾತು ಒಂದೇ: ಮೈ ಹೊಳಪು ನೋಡಬೇಡಿ, ಚಾಲೂ ಮಾಡಿಸಿ ನೋಡಿ. ಮಾರಲು ಬಂದವರಿಗೆ ಏನೂ ಹೇಳುವುದಿಲ್ಲ, ಚಹಾ ತರಿಸುತ್ತೇನೆ. ಅವಸರದಲ್ಲಿ ಇರುವವನು ಚಹಾ ಆರುವುದರೊಳಗೆ ತಾನೇ ರೇಟು ಇಳಿಸುತ್ತಾನೆ. ಬೆಟಗೇರಿಯ ಗುಜರಿ ಅಂಗಡಿಯಲ್ಲಿ ತಗಡು ಬೇರೆ, ತಾಮ್ರ ಬೇರೆ ಮಾಡುತ್ತ ಬೆಳೆದವನು ನಾನು. ಗುಜರಿಗೆ ಬಂದ ಕಂಪ್ಯೂಟರುಗಳನ್ನು ಬಿಚ್ಚಿ ಬಿಚ್ಚಿಯೇ ಕಂಪ್ಯೂಟರ್ ಕಲಿತೆ. ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿಲ್ಲ. ಈಗ ಗದಗಿನಲ್ಲಿ ಸ್ವಂತ ಅಂಗಡಿ ಇದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಂಪ್ಯೂಟರ್ ಕ್ಲಾಸುಗಳಿಗೆಲ್ಲ ಸಾಮಾನು ನನ್ನದೇ, ರಿಪೇರಿಯೂ ನನ್ನದೇ.

ಲಕ್ಷ್ಮೇಶ್ವರದಲ್ಲಿ ಅಣ್ಣ ತಮ್ಮ ಸೇರಿ ಒಂದು ಕ್ಲಾಸು ನಡೆಸುತ್ತಿದ್ದರು. ಅಣ್ಣ ಕಲಿಸುವವನು. ತಮ್ಮ ಬಾಗಿಲಲ್ಲಿ ಕುಳಿತು ಫೀಸು, ಹಾಜರಿ ನೋಡುವವನು. ಅಣ್ಣನ ಪಾಠ ಎಂದರೆ ಇಂಗ್ಲಿಷ್ ಪುಸ್ತಕ ಓದಿ ನೋಟ್ಸ್ ಬರೆಸುವುದು. ಬರೆದು ಮುಗಿಯುವವರೆಗೆ ಮಶೀನಿನ ಸ್ವಿಚ್ ಮುಟ್ಟುವಂತಿಲ್ಲ. ರಿಪೇರಿಗೆ ಹೋದಾಗೆಲ್ಲ ನಾನು ಹುಡುಗರಿಗೆ ಅದನ್ನೇ ನಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದೆ. ಕಂಪ್ಯೂಟರ್ ಅಂದರೆ ಒಂದು ಖಾನಾವಳಿ ಅಂತ ತಿಳಿಯಿರಿ, ಅನ್ನುತ್ತಿದ್ದೆ. ಒಳಗೆ ರೊಟ್ಟಿ ಬಡಿಯುವ ಹೆಣ್ಣುಮಗಳು ಒಬ್ಬಳೇ, ಹಂಚು ಒಂದೇ, ಅದು ಪ್ರೊಸೆಸರ್. ಉಗ್ರಾಣ ಹಾರ್ಡ್ ಡಿಸ್ಕು. ನಿಮ್ಮ ಮುಂದಿನ ತಾಟು ಮೆಮೊರಿ; ಕರೆಂಟು ಹೋಯಿತೆಂದರೆ ತಾಟು ಖಾಲಿ, ಉಗ್ರಾಣದಲ್ಲಿ ಇಟ್ಟದ್ದು ಮಾತ್ರ ಉಳಿಯುತ್ತದೆ. ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತು, ಯಾರು ಕೂಡಬೇಕು, ಯಾರಿಗೆ ಬಿಸಿ ರೊಟ್ಟಿ ಮೊದಲು, ಯಾರನ್ನು ಎಬ್ಬಿಸಬೇಕು ಎಂದು ಕಣ್ಣಲ್ಲೇ ಹೇಳುವವನು ಆಪರೇಟಿಂಗ್ ಸಿಸ್ಟಮ್. ಅವನು ಬೇಯಿಸುವುದೂ ಇಲ್ಲ, ಉಣ್ಣುವುದೂ ಇಲ್ಲ. ಆದರೆ ಅವನಿಲ್ಲದಿದ್ದರೆ ಒಂದು ರೊಟ್ಟಿಗೆ ನಾಲ್ಕು ಕೈ. ಆ ಹೆಣ್ಣುಮಗಳು ಇವನಿಗೊಂದು ಅವನಿಗೊಂದು ಎಂದು ಸರದಿಯಲ್ಲಿ ಹಾಕುವುದರಿಂದ, ಎಲ್ಲರೂ ತಮಗೊಬ್ಬರಿಗೇ ಬಡಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

ಆ ಕ್ಲಾಸಿಗೆ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಮೂವತ್ತು ದಾಟಿರಲಿಲ್ಲ. ಗಂಡ ಊರಿನ ಒಂದು ಪತ್ತಿನ ಸಂಘದಲ್ಲಿ ಕಾರಕೂನನಾಗಿದ್ದು, ಬೇಸಿಗೆಯಲ್ಲಿ ತೀರಿಕೊಂಡಿದ್ದ. ಸಂಘದವರು ಅವನ ಕುರ್ಚಿಯನ್ನು ಅವಳಿಗೇ ಕೊಡುವ ಮಾತಾಡಿದ್ದರು. ಆದರೆ ದೀಪಾವಳಿಯೊಳಗೆ ಅವಳು ಕಮಿಟಿಯ ಮುಂದೆ ಕುಳಿತು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ತೋರಿಸಬೇಕು. ಆಗದಿದ್ದರೆ ಕುರ್ಚಿ ಮೈದುನನಿಗೆ. ಮೈದುನನಿಗೆ ಬೇರೆ ಕೆಲಸವಿರಲಿಲ್ಲ. ಕುರ್ಚಿ ಅವನಿಗೇ ಬರಲಿ ಎಂಬುದು ಅತ್ತೆಯ ಆಸೆ. ಅದನ್ನು ಆಕೆ ಮುಚ್ಚಿಟ್ಟಿರಲೂ ಇಲ್ಲ. ಕ್ಲಾಸು ಅವರ ಮನೆಯ ಹಿಂದಿನ ಓಣಿಯಲ್ಲೇ ಇದ್ದುದರಿಂದ, ನಾಲ್ಕು ಮಂದಿ ಆಡಿಕೊಳ್ಳಬಾರದೆಂದು, ಹೋಗಲು ಬಿಟ್ಟಿದ್ದಳು.

ಕಾಲೇಜು ಹುಡುಗರ ನಡುವೆ ಅವಳು ಹಿಂದಿನ ಮಶೀನಿಗೆ ಕೂಡುತ್ತಿದ್ದಳು. ಮೊದಲ ದಿನ ಮೌಸನ್ನು ಎರಡೂ ಕೈಯಲ್ಲಿ ಹಿಡಿದಳಂತೆ. “ಅಕ್ಕಾರ, ಅದು ಮೌಸ್, ಲಟ್ಟಣಗಿ ಅಲ್ರಿ,” ಎಂದು ಅಣ್ಣ ಅಂದದ್ದೇ ತಡ, ಕ್ಲಾಸಿಗೆ ಕ್ಲಾಸೇ ನಕ್ಕಿತು. ಆಮೇಲೆ ಹುಡುಗರು ಅವಳಿಗೆ ಲಟ್ಟಣಗಿ ಎಂದೇ ಹೆಸರಿಟ್ಟರು. ಅವಳು ಅದನ್ನು ಕೇಳಿಸಿಕೊಂಡೇ ಕಲಿತಳು. ನೀವೂ ಹಾಗೆಯೇ ಮಾಡಿ. ನಗುವವರ ಬಾಯಿ ಮುಚ್ಚಿಸಲು ಹೋದರೆ ಅರ್ಧ ದಿನ ಅದಕ್ಕೇ ಹೋಗುತ್ತದೆ.

ಒಂದು ದಿನ ನಾನು ಒಂದು ಸಿಪಿಯು ಬಿಚ್ಚಿಕೊಂಡು ಅದರ ಫ್ಯಾನ್ ಬದಲಿಸುತ್ತಿದ್ದೆ. ಅಣ್ಣ ಡೆಡ್‌ಲಾಕ್ ಎಂಬ ಪಾಠ ಬರೆಸುತ್ತಿದ್ದ. ಒಂದು ಪ್ರೋಗ್ರಾಮು ಒಂದು ಸಾಮಾನು ಹಿಡಿದುಕೊಂಡು ಇನ್ನೊಂದಕ್ಕೆ ಕಾಯುತ್ತದೆ; ಇನ್ನೊಂದು ಪ್ರೋಗ್ರಾಮು ಆ ಇನ್ನೊಂದನ್ನು ಹಿಡಿದುಕೊಂಡು ಮೊದಲನೆಯದಕ್ಕೆ ಕಾಯುತ್ತದೆ. ಯಾವುದೂ ಬಿಡುವುದಿಲ್ಲ, ಬಿಡಿಸುವವರೂ ಇಲ್ಲ. ಎರಡೂ ಕಾಯುತ್ತಲೇ ಕೂಡುತ್ತವೆ. ಹುಡುಗರಿಗೆ ತಿಳಿಯಲಿಲ್ಲ. ಕೊರ್ಲಹಳ್ಳಿ ಕಡೆಯ ಇಕ್ಕಟ್ಟಾದ ದಾರಿಯಲ್ಲಿ ಎದುರುಬದರಾದ ಎರಡು ಕಬ್ಬಿನ ಟ್ರ್ಯಾಕ್ಟರುಗಳ ಕತೆಯನ್ನು ನಾನು ಹೇಳಿದೆ. ಯಾರೂ ಹಿಂದೆ ಸರಿಯದೆ, ಕಬ್ಬು ಒಣಗಿ, ಹಿಂದಿನ ಬಸ್ಸಿನವರು ಇಳಿದು ನಡೆದೇ ಹೋದರು. ಆಗ ತಿಳಿಯಿತು.

ಹಿಂದಿನಿಂದ ಅವಳು ಕೇಳಿದಳು: “ಸರ್, ಹಂಗ ಸಿಕ್ಕೊಂಡರ ಬಿಡಸೋದು ಹ್ಯಾಂಗ್ರಿ?”

“ಒಂದನ್ನ ಕೊಲ್ಲಬೇಕು.”

“ಯಾವುದನ್ನರಿ?”

“ಯಾವುದು ಸತ್ತರ ಲುಕ್ಸಾನ ಕಡಿಮಿನೋ ಅದನ್ನ,” ಎಂದು ಅಣ್ಣ ಪುಸ್ತಕ ಮುಚ್ಚಿದ. ಯಾರೋ “ಲಟ್ಟಣಗೀನ” ಅಂದರು. ಮತ್ತೆ ನಗೆ.

ನವರಾತ್ರಿಗೆ ಮೊದಲು ಆ ಅಣ್ಣತಮ್ಮಂದಿರ ಮನೆ ಒಡೆಯಿತು. ಹೆಂಗಸರ ನಡುವೆ ಏನೋ ಆಗಿತ್ತು. ಅದು ನನಗೆ ಬೇಕಿರಲಿಲ್ಲ. ಹೊಲ, ಮನೆ, ಪಾತ್ರೆ ಎಲ್ಲ ಪಾಲಾಗಿ, ಕ್ಲಾಸಿನ ಸಾಮಾನು ಉಳಿಯಿತು. ಬೆಲೆ ಗೊತ್ತಿದ್ದವನೆಂದು ಹಿರಿಯರು ನನ್ನನ್ನೂ ಕರೆಸಿದರು. ನಮ್ಮ ಕಡೆ ಪಾಲಿನ ರೀತಿ ನಿಮಗೆ ಗೊತ್ತೇ ಇದೆ: ಹಿರಿಯವನು ಎರಡು ಪಾಲು ಮಾಡಬೇಕು, ಕಿರಿಯವನು ಒಂದನ್ನು ಆರಿಸಿಕೊಳ್ಳಬೇಕು. ಹಾಗಿದ್ದರೆ ಮೋಸಕ್ಕೆ ಜಾಗವಿಲ್ಲ ಎಂಬ ಲೆಕ್ಕ. ಕಾಳಿನ ರಾಶಿಗೆ ಅದು ಸರಿ.

ಇಡೀ ಇಡೀ ಮಶೀನುಗಳನ್ನು ಹಂಚಲು ಹೋದರೆ ಒಂದು ಹೊಸದು, ಒಂದು ಹಳೆಯದು. ಅಲ್ಲೇ ಜಗಳ ಹತ್ತಿತು. ಆಗ ಅಣ್ಣ ಎದ್ದು, ಸಿಪಿಯುಗಳನ್ನೆಲ್ಲ ಈ ಗೋಡೆಗೆ, ಮಾನಿಟರು ಕೀಬೋರ್ಡುಗಳನ್ನೆಲ್ಲ ಆ ಗೋಡೆಗೆ ಇಟ್ಟ. ಜೀವ ಇರುವುದು ಸಿಪಿಯುವಿನಲ್ಲಿ. ಏನೂ ಅರಿಯದ ತಮ್ಮ, ಕಣ್ಣಿಗೆ ಕಾಣುವುದನ್ನು ಆರಿಸುತ್ತಾನೆ, ಆಮೇಲೆ ತನ್ನ ಕಾಲಿಗೆ ಬೀಳುತ್ತಾನೆ ಎಂಬುದು ಅಣ್ಣನ ಎಣಿಕೆ. ತಮ್ಮನೂ ಮಾನಿಟರುಗಳ ಕಡೆಗೇ ನಡೆದ. “ಏನೂ ಕಾಣದ ಡಬ್ಬಿ ಇಟಗೊಂಡು ಏನ್ ಪೂಜಾ ಮಾಡ್ತಾನೇನು? ಬರ್ತಾನ್ ಬಿಡು,” ಎಂದು ಆ ತಮ್ಮ ನನ್ನ ಕಿವಿಯಲ್ಲಿ ಹೇಳಿ ನಕ್ಕ. ಬೀಸುಕಲ್ಲಿನ ಮೇಲಿನ ಕಲ್ಲು ಒಬ್ಬನಿಗೆ, ಕೆಳಗಿನ ಕಲ್ಲು ಒಬ್ಬನಿಗೆ ಆಗುತ್ತಿದೆ, ಎಂದು ನಾನು ಒಮ್ಮೆ ಹೇಳಿದೆ. “ರೀತಿ ಪ್ರಕಾರ ಆತು,” ಎಂದರು ಹಿರಿಯರು. ವ್ಯಾಪಾರಿ ಒಮ್ಮೆ ಹೇಳಬೇಕು. ಎರಡನೇ ಸಲ ಹೇಳಿದರೆ, ಇವನಿಗೇನೋ ಲಾಭವಿದೆ ಅನ್ನುತ್ತಾರೆ.

ಅಣ್ಣ ಸಿಪಿಯುಗಳನ್ನು ಹಳೇ ಸೀರೆಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದ. ತಮ್ಮನೋ ಮಾನಿಟರುಗಳನ್ನು ಕ್ಲಾಸಿನ ಖೋಲಿಯಲ್ಲೇ ಸಾಲಾಗಿಟ್ಟು ಕೀಲಿ ಹಾಕಿದ. ಕಾಲೇಜು ಹುಡುಗರು ಬಸ್ಸು ಹತ್ತಿ ಗದಗಿನ ಕ್ಲಾಸುಗಳಿಗೆ ಹೋದರು. ಉಳಿದವಳು ಅವಳೊಬ್ಬಳು.

ಅವಳು ಮೊದಲು ಅಣ್ಣನ ಮನೆಗೆ ಹೋಗಿ, ದೀಪಾವಳಿಯವರೆಗೆ ಒಂದೇ ಒಂದು ಸಿಪಿಯು ಕೊಡಿ ಎಂದು ಕೇಳಿದಳು. ಅವನ ಉತ್ತರವನ್ನು ನಾನೇ ಕೇಳಿದ್ದೇನೆ, ಆ ದಿನ ಅಲ್ಲೇ ಕುಳಿತಿದ್ದೆ. “ನಿನಗ ಕೊಟ್ಟರ ಅದನ್ನ ಒಯ್ದು ಅವನ ಮಾನಿಟರಿಗೆ ಹಚ್ಚತಿ. ನನ್ನ ಸಾಮಾನಿನಿಂದ ಅವನ ಪಾಲು ಯಾಕ ಬೆಳಗಬೇಕು?” ತಮ್ಮನ ಬಾಗಿಲಿಗೆ ಹೋದರೆ ಅಲ್ಲಿ ಇನ್ನೊಂದು ತೆರನ ಮಾತು: ಹಿರಿಯವನು ಮೊದಲು ಬಗ್ಗಲಿ, ಹಿರಿತನ ಅಂದರೆ ಅದೇ. ಓಣಿಯ ಈ ತುದಿಯಿಂದ ಆ ತುದಿಗೆ ಅವಳು ತಲೆಯ ಮೇಲೆ ಸೆರಗು ಹೊದ್ದು ತಿರುಗುವುದನ್ನು ಜನ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಗಂಡ ಸತ್ತು ವರ್ಷವಾಗಿಲ್ಲ, ಇಬ್ಬರು ಗಂಡಸರ ಬಾಗಿಲು ತಿರುಗುತ್ತಾಳೆ ಎಂದು ಮೈದುನನೇ ಹೋಟೆಲಿನಲ್ಲಿ ಕೂತು ಹಬ್ಬಿಸಿದ.

ನಾನು ಗದಗಿನಿಂದ ಒಂದು ಹಳೇ ಮಾನಿಟರ್ ಒಯ್ದು ಅಣ್ಣನ ಮುಂದಿಟ್ಟೆ. ಬಾಡಿಗೆ ಬೇಡ, ಒಂದು ಸಿಪಿಯು ಇಳಿಸು, ನಿನ್ನ ಪಡಸಾಲೆಯಲ್ಲೇ ಕುಳಿತು ಕಲಿಯುತ್ತಾಳೆ, ಅಂದೆ. ಅವನು ಮಾನಿಟರಿನ ಬೆನ್ನು ಸವರಿ, ಹಿಂದಕ್ಕೆ ನೂಕಿದ. ಹೊರಗಿನ ಮಾನಿಟರ್ ಹಚ್ಚಿದರೆ, ಪಾಲಿನಲ್ಲಿ ಅಣ್ಣ ಸೋತ ಎಂದು ತಮ್ಮನು ಊರೆಲ್ಲ ಹೇಳಿಕೊಂಡು ಬರುತ್ತಾನೆ, ಅಂದ. ಡೆಡ್‌ಲಾಕ್ ಪಾಠವನ್ನು ಬರೆಸಿದವನೇ ಈ ಮಾತು ಹೇಳಿದ್ದು. ಪಾಠ ಕಲಿಸುವವನಿಗೆ ಪಾಠ ಬರುತ್ತದೆಂದು ನಂಬಿ ಫೀಸು ಕೊಡಬೇಡಿ.

ಅಲ್ಲಿಂದ ಅವಳ ಮನೆಗೆ ಹೋದೆ. ನನ್ನ ಅಂಗಡಿಯಲ್ಲಿ ಬೇಕಾದಷ್ಟು ಮಶೀನುಗಳಿವೆ, ಶಿರಹಟ್ಟಿ ಮೇಲೆ ಹಾಯ್ದು ಬಸ್ಸು ಬರುತ್ತದೆ, ಹಗಲು ಕಲಿತು ಸಂಜೆಗೆ ಮನೆ ಸೇರಬಹುದು, ನನ್ನ ಹೆಂಡತಿ ಅಂಗಡಿಯಲ್ಲೇ ಇರುತ್ತಾಳೆ ಎಂದೆಲ್ಲ ಅತ್ತೆಗೆ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತ ಕುಳಿತಿದ್ದಳು. ತಲೆ ಎತ್ತಲಿಲ್ಲ.

“ವರ್ಷದ ಕಾರ್ಯ ಆಗೋತನ ನಮ್ಮ ಮನಿ ಸೊಸಿ ಊರ ಸೀಮಿ ದಾಟಂಗಿಲ್ರಿ ಸಾವಕಾರ್ರ.”

“ದೀಪಾವಳಿ ಆದ ಮ್ಯಾಲೆ ಆ ಕುರ್ಚಿ ಆಕಿಗೆ ಸಿಗಂಗಿಲ್ರಿ.”

“ಸಿಗಲಿಲ್ಲಂದ್ರ ಎಲ್ಲಿ ಹೊಕ್ಕೈತಿ? ಮನ್ಯಾಗ ಉಳಿತೈತಿ.”

ಎದುರಿನವರಿಗೆ ವ್ಯಾಪಾರ ಮುರಿಯುವುದರಲ್ಲೇ ಲಾಭವಿದ್ದರೆ ಚೌಕಾಸಿ ನಡೆಯುವುದಿಲ್ಲ, ಎದ್ದು ಬರಬೇಕು. ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಕೈಯಲ್ಲಿ ರಟ್ಟಿನ ತುಂಡು, ಅದರ ಮೇಲೆ ಇದ್ದಿಲಿನಿಂದ ಬರೆದ ಕೀಬೋರ್ಡಿನ ಅಕ್ಷರಗಳು. ಆ ರಟ್ಟಿನ ಮೇಲೆ ಬೆರಳು ಓಡಿಸಿ ಅವಳು ರೂಢಿ ಮಾಡಿಕೊಳ್ಳುತ್ತಿದ್ದಳು. ಬೆರಳಿಗೆ ಅದು ಸಾಕು. ಆದರೆ ರಟ್ಟು ತಿರುಗಿ ಮಾತಾಡುವುದಿಲ್ಲ. ತಪ್ಪಿದರೆ ತಪ್ಪು ಅನ್ನುವುದಿಲ್ಲ.

ಪರೀಕ್ಷೆಯ ದಿನ ಹಳೇ ಪ್ರಿಂಟರ್ ಮಾರಬೇಕೆಂದು ಸಂಘದವರು ನನ್ನನ್ನು ಕರೆಸಿದ್ದರಿಂದ ನಾನೂ ಅಲ್ಲಿದ್ದೆ. ಕಮಿಟಿಯವರು ಕುರ್ಚಿಗಳಲ್ಲಿ ಕುಳಿತಿದ್ದರು. ಮೈದುನ ಹೊಸ ಅಂಗಿ ತೊಟ್ಟು ಬಾಗಿಲಿಗೆ ಆತು ನಿಂತಿದ್ದ. ಸದಸ್ಯರ ಸಾಲದ ಪಟ್ಟಿ ಎಕ್ಸೆಲ್ಲಿನಲ್ಲಿ ತೆರೆದಿತ್ತು. ಎಲ್ಲರಿಗೂ ಬಡ್ಡಿ ಹಾಕಬೇಕು. ಅವಳು ಮೊದಲ ಸಾಲಿಗೆ ಸೂತ್ರ ಬರೆದಳು. ಸರಿಯಾದ ಉತ್ತರ ಬಂತು. ಅಧ್ಯಕ್ಷರು ತಲೆದೂಗಿದರು. ಎರಡನೆಯ ಸಾಲಿಗೆ ಹೋಗಿ ಅದೇ ಸೂತ್ರವನ್ನು ಮತ್ತೆ ಮೊದಲಿನಿಂದ ಬರೆದಳು. ಮೂರನೆಯದಕ್ಕೂ.

ನನಗೆ ಅಲ್ಲೇ ತಿಳಿಯಿತು. ಒಮ್ಮೆ ಹೇಳಿದ್ದನ್ನು ಪಟ್ಟಿಯ ಕೊನೆಯವರೆಗೆ ಮಾಡುತ್ತ ಹೋಗು ಎಂದು ಮಶೀನಿಗೆ ಹೇಳುವುದಿದೆಯಲ್ಲ, ಪ್ರೋಗ್ರಾಮಿಂಗಿನ ಅರ್ಧ ವಿದ್ಯೆ ಅದೇ. ಪ್ರೋಗ್ರಾಮಿನಲ್ಲಿ ಅದಕ್ಕೆ ಲೂಪ್ ಅನ್ನುತ್ತಾರೆ. ಎಕ್ಸೆಲ್ಲಿನಲ್ಲಿ ಮೌಸ್ ಹಿಡಿದು ಸೂತ್ರವನ್ನು ಕೆಳಗೆ ಎಳೆದರೆ ಆಯಿತು. ಆ ಪಾಠ ಬರುವ ಮೊದಲೇ ಕ್ಲಾಸು ಪಾಲಾಗಿತ್ತು. ಅವಳು ಮುಖ ಎತ್ತದೆ, ತಪ್ಪಿಲ್ಲದೆ, ಒಂದೊಂದೇ ಸಾಲು ಬರೆಯುತ್ತ ಹೋದಳು. ಹಣೆಯ ಬೆವರನ್ನು ಒರೆಸಿಕೊಳ್ಳಲೂ ಕೈ ತೆಗೆಯಲಿಲ್ಲ. ಪಟ್ಟಿ ಉದ್ದವಿತ್ತು.

“ಯವ್ವಾ, ಹಿಂಗ ನಡದರ ಮುಂದಿನ ದೀಪಾವಳಿ ಬರತೈತಿ,” ಅಂದರು ಅಧ್ಯಕ್ಷರು.

ಕಮಿಟಿ ನಕ್ಕಿತು. ಮೈದುನ ನಕ್ಕ. ಅವಳು ಆ ಸಾಲನ್ನು ಮುಗಿಸಿ, ಸೇವ್ ಮಾಡಿ ಎದ್ದಳು. ಅವಳು ಸೇವ್ ಮಾಡಿದ್ದನ್ನು ನೋಡಿದವನು ಬಹುಶಃ ನಾನೊಬ್ಬನೇ. ಮೈದುನನಿಗೆ ಪರೀಕ್ಷೆ ಇರಲಿಲ್ಲ. ಗಂಡುಮಗ, ಕೂತಲ್ಲೇ ಕಲಿಯುತ್ತಾನೆ ಎಂದರು. ಒಪ್ಪಿಗೆ ಎಂದು ಅವಳ ಸಹಿಯನ್ನು ಅಲ್ಲೇ ತೆಗೆದುಕೊಂಡರು.

ಅಣ್ಣತಮ್ಮಂದಿರ ಸೆಟೆತ ಸಂಕ್ರಾಂತಿಯಾಚೆಗೆ ಉಳಿಯಲಿಲ್ಲ. ಖೋಲಿಯ ಮಾಲಕ ಖೋಲಿ ಬಿಡಿಸಿದ, ಅಟ್ಟದಲ್ಲಿ ಇಲಿ ವೈರು ಕಡಿಯತೊಡಗಿತು. ಮೊದಲು ತಮ್ಮ ಮಾರಲು ಬಂದ, ಅಣ್ಣನಿಗೆ ಹೇಳಬೇಡಿ ಅಂದ. ಆಮೇಲೆ ಅಣ್ಣ ಬಂದ, ತಮ್ಮನಿಗೆ ಹೇಳಬೇಡಿ ಅಂದ. ಇಬ್ಬರಿಗೂ ಚಹಾ ತರಿಸಿದೆ. ಒಂದೇ ಕಾಲಿನ ಚಪ್ಪಲಿಗೆ ಯಾವ ರೇಟು ಕೇಳುತ್ತೀರಿ ಎಂದು ಇಬ್ಬರಿಗೂ ಅದೇ ಮಾತು ಹೇಳಿ, ಗುಜರಿಯ ತೂಕದ ಮೇಲೆ ತೆಗೆದುಕೊಂಡೆ. ನನ್ನ ಅಂಗಡಿಯಲ್ಲಿ ಅವು ಒಂದನ್ನೊಂದು ಸೇರಿ ಬೆಳಗಿದವು. ಒಂದು ಮಶೀನೂ ಕೆಟ್ಟಿರಲಿಲ್ಲ. ನೀವು ಪಾಲಿಗೆ ಕೂಡುವಾಗ, ಹಿಡಿದುಕೊಂಡದ್ದು ಒಂಟಿಯಾಗಿ ಏನು ಬಾಳುತ್ತದೆ ಎಂದು ಮೊದಲು ಕೇಳಿಕೊಳ್ಳಿ.

ಅದರಲ್ಲಿ ಒಳ್ಳೆಯದೊಂದನ್ನು ಅದೇ ಸಂಘ ಒಳ್ಳೆಯ ರೇಟಿಗೆ ಕೊಂಡಿತು. ಜೋಡಿಸಿ ಕೊಡಲು ಹೋದಾಗ ಮೈದುನ ಸತ್ತ ಅಣ್ಣನ ಕುರ್ಚಿಯಲ್ಲಿ ಕುಳಿತಿದ್ದ. ಪಕ್ಕದ ಹಳೇ ಮಶೀನು ನಿಂತುಬಿಟ್ಟಿತ್ತು. ನಾನು ವೈರು ಬಿಚ್ಚುವುದರೊಳಗೆ ಅವನು ಮನೆಯಲ್ಲಿದ್ದ ಅತ್ತಿಗೆಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ದಿನಾ ಹೀಗೇ ಎಂದು ಸಂಘದ ಸಿಪಾಯಿ ಕಣ್ಣು ಮಿಟುಕಿಸಿದ. ಪಗಾರ ಇವನದು, ಕೆಲಸ ಆಕೆಯದು. ಹೀಗೆ ಫೋನಿನಲ್ಲಿ ಹೇಳಿಕೊಡುತ್ತಲೇ ಈಗ ಎಲ್ಲ ಆಕೆಗೆ ಬರುತ್ತದಂತೆ, ಸೂತ್ರ ಎಳೆಯುವುದೂ.

“ವೈನಿ, ನಿಂತತಿ ಇದು. ಏನ್ ಒತ್ತಲಿ?”

ಆ ಕಡೆ ಹಂಚಿನ ಮೇಲೆ ರೊಟ್ಟಿ ತಿರುವಿದ ಸಪ್ಪಳ. ಆಮೇಲೆ ಅವಳ ದನಿ, ಯಾವ ಏರಿಳಿತವೂ ಇಲ್ಲದ್ದು. ಮೂರು ಕೀ ಕೂಡಿಸಿ ಒತ್ತು ಅಂದಳು, ಯಾವ ಮೂರೆಂದು ಹೇಳಿದಳು. ಪಟ್ಟಿ ಬರುತ್ತದೆ, ಯಾವುದು ಉತ್ತರ ಕೊಡವಲ್ದೋ ಅದನ್ನು ಮುಗಿಸು.

“ಎರಡು ಅದಾವು. ಯಾವುದನ್ನ ಕೊಲ್ಲಲಿ?”

ಅತ್ತ ಹಂಚಿನಿಂದ ರೊಟ್ಟಿ ಇಳಿಸಿದ ಸಪ್ಪಳ.

“ಯಾವುದು ಸತ್ತರ ಲುಕ್ಸಾನ ಕಡಿಮಿನೋ, ಅದನ್ನ.”

ಅವನು ಒತ್ತಿದ. ಮಶೀನು ನಡೆಯಿತು.