ಹೌದಪ್ಪನ ಹೆಸರಿಗೆ ಬಂದ ಚೀಟಿ

ನನ್ನ ಗಂಡನದು ಕ್ಷೌರದಂಗಡಿ. ಊರವರ ಬಾಯಲ್ಲಿ ಅವರಿಗೆ ಹೌದಪ್ಪ ಅಂತಲೇ ಹೆಸರು. ಕುರ್ಚಿಯಲ್ಲಿ ಕೂತವನು ಏನೇ ಹೇಳಲಿ, ಇವರು ಕತ್ತರಿ ಆಡಿಸುತ್ತ ಹೌದೌದು ಅನ್ನುತ್ತಾರೆ. ವಾದಕ್ಕಿಳಿದರೆ ಗಿರಾಕಿ ತಲೆ ಅಲ್ಲಾಡಿಸುತ್ತಾನೆ, ಕಿವಿ ಕೊಯ್ದುಹೋಗುತ್ತದೆ ಅಂತ ಅವರಪ್ಪ ಕಲಿಸಿದ ಪಾಠ. ಮನೆಯಲ್ಲೂ ಅಷ್ಟೇ, ಮದುವೆಯಾದಾಗಿನಿಂದ ನನಗೆ ಒಂದು ಸಲವೂ ಇಲ್ಲ ಅಂದವರಲ್ಲ. ಪುಣ್ಯ ಮಾಡಿದ್ದೆ ಅಂದುಕೊಂಡಿದ್ದೆ.

ನಮ್ಮೂರಲ್ಲಿ ಈಗ ಚುನಾವಣೆ ಇಲ್ಲ. ಓಟು ಕೇಳುವವರ ಕಾಟ ಸಾಕಾಗಿ, ಎಲ್ಲರ ಹೆಸರನ್ನೂ ಡ್ರಮ್ಮಿಗೆ ಹಾಕಿ ಚೀಟಿ ಎತ್ತುತ್ತಾರೆ. ಯಾರ ಹೆಸರು ಬಂತೋ ಅವರು ನಗರಸಭೆಯಲ್ಲಿ ಕೂರಬೇಕು, ಒಲ್ಲೆ ಅನ್ನುವ ಹಾಗಿಲ್ಲ. ಈ ಸಲ ಇವರ ಚೀಟಿ ಬಂತು. ಜನ ಬೆನ್ನು ತಟ್ಟಿದರು. ನನಗೆ ಮಾತ್ರ ಒಂದೇ ಚಿಂತೆ. ಈ ಮಹಾನುಭಾವ ಅಲ್ಲಿ ಹೋಗಿ ಏನು ತಾನೇ ಮಾಡಿಯಾರು?

ಮೊದಲ ಸಭೆಯಲ್ಲೇ ತೀರ್ಮಾನ ಆಗಬೇಕಿದ್ದದ್ದು ನನ್ನ ಅಣ್ಣನಿರುವ ಓಣಿಯ ವಿಷಯ. ಅಲ್ಲೊಂದು ಮನೆಗೆ ಬೆಂಕಿ ಬಿದ್ದಾಗ ಫೈರ್ ಎಂಜಿನ್ ಒಳಗೆ ಹೋಗಲಾರದೆ ಓಣಿಯ ಬಾಯಲ್ಲೇ ನಿಂತಿತ್ತು, ಒಬ್ಬ ಅಜ್ಜಿ ಸುಟ್ಟು ಸತ್ತಳು. ಅದಕ್ಕೇ ಓಣಿ ಅಗಲ ಮಾಡಬೇಕು ಅಂತ. ಮಾಡಿದರೆ ಅಣ್ಣನ ಮನೆ ಅರ್ಧಕ್ಕರ್ಧ ಹೋಗುತ್ತದೆ.

ಅಂಗಡಿಯಲ್ಲಿ ನೂಕುನುಗ್ಗಲು. ಬೋಳುತಲೆಯವರೂ ಕೂದಲು ಕತ್ತರಿಸಿಕೊಳ್ಳಲು ಬಂದರು! ಅಗಲ ಆಗಲಿ ಅಂದವರಿಗೂ ಹೌದೌದು, ಬೇಡ ಅಂದವರಿಗೂ ಹೌದೌದು. ಅಣ್ಣನೂ ಬಂದು ಹೌದು ಅನ್ನಿಸಿಕೊಂಡು ನಗುತ್ತ ಹೋದ. ಅತ್ತ ದರಿ, ಇತ್ತ ಪುಲಿ. ಇವರಿಗೆ ಊಟ ಸೇರದಾಯಿತು, ಗಡ್ಡ ಹೆರೆಯುವಾಗ ಒಬ್ಬರ ಗಲ್ಲ ಗೀರಿದರು. ಸಭೆಯ ಹಿಂದಿನ ದಿನ ನಾನೇ ಕಡ್ಡಿ ಮುರಿದ ಹಾಗೆ ಹೇಳಿದೆ: ಅಣ್ಣನ ಮನೆ ಹೋದರೆ ನಾನು ತವರಿನವರಿಗೆ ಮುಖ ತೋರಿಸುವ ಹಾಗಿಲ್ಲ, ಅಗಲ ಮಾಡುವುದಕ್ಕೆ ನೀವು ಕೈ ಎತ್ತಕೂಡದು. ಹೌದೌದು ಅಂದರು. ನನಗೇನೂ ನೆಮ್ಮದಿಯಾಗಲಿಲ್ಲ.

ಸಭೆಯಲ್ಲಿ ಹಿಂದಿನ ಬೆಂಚಿನ ಮೇಲೆ ಅಣ್ಣನ ಪಕ್ಕ ಕೂತಿದ್ದೆ. ಅಗಲ ಮಾಡಲು ಒಪ್ಪಿದವರು ಕೈ ಎತ್ತಿ ಅಂದರು. ಎಣಿಸುವವಳು ಮತ್ತೊಮ್ಮೆ ಎಣಿಸಿದಳು. ಒಂದು ಕೈ ಕಡಿಮೆ ಬಿತ್ತು. ಇವರು ಅಂಗೈಯನ್ನು ತೊಡೆಗೆ ಒರೆಸಿಕೊಂಡು, ಮೆಲ್ಲಗೆ ಎತ್ತಿದರು. ಅಣ್ಣ ಎದ್ದು ಹೋದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದವಳೇ ಅವರಿಗೆ ಬಾಯಿಗೆ ಬಂದ ಹಾಗೆ ಅಂದೆ.

"ನನಗೂ ಹೌದು ಅಂದಿದ್ರಲ್ಲ ರೀ?"

"ಅಂದಿದ್ದೆ. ನೀನೂ ಕುರ್ಚೀಲಿ ಕೂತವರ ಥರಾನೇ ಹೇಳ್ದೆ. ನಿಮಗೇನನ್ಸುತ್ತೆ ಅಂತ ಯಾವತ್ತಾದ್ರೂ ಕೇಳಿದೀಯಾ?"

ಹೆಣ್ಣು ನೋಡಲು ಬಂದ ದಿನ, ಹುಡುಗಿ ಒಪ್ಪಿಗೆಯಾ ಅಂತ ನಮ್ಮಪ್ಪ ಕೇಳಿದಾಗಲೂ ಇವರು ಹೌದೌದು ಅಂದವರೇ. ಅದನ್ನು ಕೇಳಿಯೇಬಿಡೋಣ ಅಂತ ಬಾಯಿ ತೆರೆದೆ. ಕೇಳಿದರೆ ಈಗ ನಿಜ ಹೇಳಿಬಿಡುತ್ತಾರೆ ಅನ್ನಿಸಿ, ಮುಚ್ಚಿಕೊಂಡೆ.