ಒಂದು ಊಟಕ್ಕೆ ಒಂದೇ ಪ್ರಾರ್ಥನೆ

ಉಡಚಮ್ಮ ಚರ್ಚಿಗೆ ಹೋಗುವವರಲ್ಲ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಊರದೇವತೆಯ ಬೆಳ್ಳಿ ಬಿಲ್ಲೆ. ಆದರೂ ಹರಿಹರದ ಸಂತ ಮಾರ್ತಾ ಮಕ್ಕಳ ಮನೆಯಲ್ಲಿ ಊಟದ ಪ್ರಾರ್ಥನೆ ಮುಗಿದಾಗ ಎಲ್ಲರಿಗಿಂತ ಜೋರಾಗಿ ‘ಆಮೆನ್’ ಅನ್ನುವುದು ಅಲ್ಲಿನ ಅಡುಗೆಯವರಾದ ಅವರೇ. ಅವರ ಮಟ್ಟಿಗೆ ಅದು ಅಡುಗೆಯದೇ ಕೊನೆಯ ಹಂತ. ಆಮೆನ್ ಅಂದ ಕೂಡಲೇ ಸೌಟು ಸಾರಿಗೆ ಇಳಿಯಬೇಕು. ಮೂವತ್ತೆರಡು ಹೆಣ್ಣುಮಕ್ಕಳಲ್ಲಿ ಕೊನೆಯವಳ ತಟ್ಟೆಗೆ ಬೀಳುವಾಗಲೂ ಸಾರು ಹಬೆಯಾಡುತ್ತಿರಬೇಕು.

ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ವಾರವೇ ಅವರು ತಮ್ಮ ಊರು ಕೊಂಡಜ್ಜಿ ಬಿಟ್ಟು ಹರಿಹರದ ಬಸ್ ಹತ್ತಿದ್ದರು. ಆಗ ಮೂವತ್ತಾರು ವರ್ಷ, ಈಗ ಐವತ್ತೈದು. ಈ ಹತ್ತೊಂಬತ್ತು ವರ್ಷಗಳಲ್ಲಿ ಅಡುಗೆಮನೆಗೆ ಅವರದೇ ಕೆಲವು ಕಟ್ಟಳೆಗಳು ಬಂದಿವೆ. ಹೊಸದಾಗಿ ಬಂದ ಮಕ್ಕಳು ನಾಳೆ ಊಟ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಅನ್ನದ ಮುದ್ದೆಯನ್ನು ದಿಂಬಿನಡಿ ಬಚ್ಚಿಡುತ್ತವೆ. ಹಾಸಿಗೆಗೆ ಇರುವೆ ಮುತ್ತುತ್ತವೆ. ಉಡಚಮ್ಮ ಬೈಯುವುದಿಲ್ಲ. ಒಣಗಿಸಿದ ಜೋಳದ ರೊಟ್ಟಿಯೊಂದನ್ನು ಎಲ್ಲರೆದುರೇ ಕೊಟ್ಟು, ‘ಇದು ಹೊಟ್ಟೆಗಲ್ಲ, ದಿಂಬಿಗೆ. ಮುರೀದಂಗೆ ಇಟ್ಕೋ’ ಅನ್ನುತ್ತಾರೆ. ಸಾಮಾನ್ಯವಾಗಿ ತಿಂಗಳೊಳಗೆ ಮಗು ತಾನಾಗಿಯೇ ಅದನ್ನು ವಾಪಸ್ ತಂದುಕೊಡುತ್ತದೆ. ಆರು ವರ್ಷಗಳ ಹಿಂದೆ ಬಂದ ಕೀರ್ತನಾ ಮಾತ್ರ ನಾಲ್ಕು ತಿಂಗಳು ತೆಗೆದುಕೊಂಡಿದ್ದಳು.

ಈ ಆಗಸ್ಟ್‌ನ ಒಂದು ಶುಕ್ರವಾರ ಹಾಸಿಗೆ ಕೊಡವುವಾಗ ಅದೇ ಕೀರ್ತನಾಳ ದಿಂಬಿನಡಿ ಉಡಚಮ್ಮನಿಗೆ ಎರಡು ರೊಟ್ಟಿ ಸಿಕ್ಕವು. ಹುಡುಗಿಗೆ ಈಗ ಹದಿಮೂರು. ಎಂಟನೇ ಕ್ಲಾಸು.

‘ಏನವ್ವ ಇದು, ಇಲಿ ಸಾಕೀಯೇನು?’

‘ಭಾನುವಾರಕ್ಕೆ ಇಟ್ಕೊಂಡೀನಿ.’

‘ಭಾನುವಾರ ದಾವಣಗೆರೆಯೋರು ಹೋಳಿಗೆ ಊಟ ಹಾಕಿಸ್ತಾರೆ. ನಿಂಗೆ ಒಣ ರೊಟ್ಟಿ ಬೇಕಾತಾ?’

ಭಾನುವಾರದ ಊಟದ್ದು ಬೇರೆಯದೇ ಪದ್ಧತಿ. ಯಾರದೋ ಹುಟ್ಟುಹಬ್ಬ, ಇಲ್ಲವೇ ಹಿರಿಯರ ನೆನಪು. ದಾನಿಗಳು ಕುಟುಂಬದ ಸಮೇತ ಬರುತ್ತಾರೆ. ಬಡಿಸಿದ ತಟ್ಟೆಯ ಮುಂದೆ ಮಕ್ಕಳು ಕೈಮುಗಿದು ದಾನಿಯ ಹೆಸರು ಹೇಳಿ ಪ್ರಾರ್ಥಿಸಬೇಕು, ಹಾಡಬೇಕು, ಫೋಟೋಕ್ಕೆ ನಗಬೇಕು. ಊಟ ಆಮೇಲೆ. ಜುಲೈನಲ್ಲಿ ಹಾಗೆ ತೆಗೆದ ಒಂದು ಫೋಟೋ ಊರೆಲ್ಲ ಸುತ್ತಿ ಕೀರ್ತನಾಳ ತರಗತಿಯ ವಾಟ್ಸಾಪ್ ಗುಂಪಿಗೆ ಬಂದಿತ್ತು.

‘ತಟ್ಟೆ ಮುಂದೆ ಕೈ ಮುಗ್ದು ನಿಂತೀನಿ. ದಿನಾ ಕೇಳ್ತಾರೆ, ಈ ವಾರ ಯಾರ ಬರ್ತ್‌ಡೇ ಉಂಡ್ಯೇ ಅಂತ’ ಎಂದಳು ಕೀರ್ತನಾ. ‘ಅದಕ್ಕೇ ಭಾನುವಾರ ಹೊಟ್ಟೆನೋವು ಅಂತ ಮಲಗ್ತೀನಿ. ಸೋಮವಾರದಿಂದ ಶಾಲಿಗೂ ಹೋಗಲ್ಲ.’

ಉಡಚಮ್ಮ ರೊಟ್ಟಿಗಳನ್ನು ಸೆರಗಿಗೆ ಹಾಕಿಕೊಂಡರು. ‘ಈ ಭಾನುವಾರ ಎಲ್ಲರ ಜೊತೆ ಕೂತು ಬಿಸಿ ಊಟ ಉಣ್ಣು. ನಿನ್ನ ಫೋಟೋ ಯಾರಾದ್ರೂ ತೆಗೆದ್ರೆ, ಸೌಟು ಅಲ್ಲೇ ಇಟ್ಟು ಕೊಂಡಜ್ಜಿ ಬಸ್ ಹತ್ತೀನಿ.’

‘ಆಣೆ?’

‘ಆಣೆಗೀಣೆ ಬ್ಯಾಡ. ಹೇಳೀನಲ್ಲ.’

ಮನೆಯ ಮೇಲ್ವಿಚಾರಕಿ ಸಿಸ್ಟರ್ ಆರೋಗ್ಯಮ್ಮನಿಗೆ ಅಂದೇ ವಿಷಯ ತಿಳಿಸಿದರು. ಸಿಸ್ಟರ್ ಕೆಟ್ಟವರಲ್ಲ, ದಾನಿಗಳನ್ನು ಎದುರು ಹಾಕಿಕೊಳ್ಳುವವರೂ ಅಲ್ಲ. ‘ನೋಡೋಣ’ ಅಂದರು.

ಆ ಭಾನುವಾರ ಬಂದವರು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಮಾಲತೇಶಪ್ಪ. ಟೈಲ್ಸ್ ವ್ಯಾಪಾರಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೊಮ್ಮಗನ ಹುಟ್ಟುಹಬ್ಬಕ್ಕೆ ಹೋಳಿಗೆ, ಪಲಾವ್ ತಂದಿದ್ದರು. ಸಾರು ಮಾತ್ರ ಉಡಚಮ್ಮನದು. ಮಕ್ಕಳು ಪ್ರಾರ್ಥಿಸಿದರು. ಉಡಚಮ್ಮ ಆಮೆನ್ ಅಂದರು. ಸೌಟು ಇಳಿಯಿತು. ಐದಾರು ಮಕ್ಕಳು ಆಗಲೇ ಅನ್ನ ಕಲಸಿದ್ದವು.

‘ಏ, ತಡೀರಿ ತಡೀರಿ!’ ಎಂದರು ಮೊಬೈಲ್ ಹಿಡಿದಿದ್ದ ಮಾಲತೇಶಪ್ಪ. ‘ಮೊಮ್ಮಗನ ಹೆಸರು ರೆಕಾರ್ಡ್ ಆಗಿಲ್ಲ. ಮತ್ತೊಂದ್ಸಲ ಪ್ರಾರ್ಥನೆ ಮಾಡಿಸ್ರಿ ಸಿಸ್ಟರ್.’

ಮಕ್ಕಳು ಅನ್ನ ಮೆತ್ತಿದ ಕೈಗಳನ್ನೇ ಜೋಡಿಸಿ ಎದ್ದವು. ಕಂಬದ ಮರೆಗೆ ಕೂತಿದ್ದ ಕೀರ್ತನಾ ಏಳಲಿಲ್ಲ. ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದಳು. ಅದನ್ನು ಕಂಡದ್ದು ಉಡಚಮ್ಮ ಒಬ್ಬರೇ.

‘ಕೂಡ್ರಿ ಎಲ್ಲಾರೂ. ಉಣ್ರಿ’ ಎಂದರು. ‘ಒಂದು ಊಟಕ್ಕೆ ಒಂದೇ ಪ್ರಾರ್ಥನೆ.’

‘ಯಾಕಮ್ಮ, ಎರಡು ಸಲ ದೇವರ ಹೆಸರು ಹೇಳಿದ್ರೆ ನಿನ್ನ ಗಂಟೇನು ಹೋಗ್ತೈತೆ?’

‘ದೇವರು ಮೊದಲನೇ ಸಲಕ್ಕೇ ಕೇಳ್ಯಾನ್ರಿ. ಕೇಳಿಸದೇ ಇದ್ದದ್ದು ನಿಮ್ಮ ಮೊಬೈಲಿಗೆ.’

ಯಾರೋ ಕಿಸಕ್ಕನೆ ನಕ್ಕರು. ಮಾಲತೇಶಪ್ಪನವರು ಮೊಬೈಲ್ ಎತ್ತಿ ಹಿಡಿದು ಕೀರ್ತನಾ ಕೂತಿದ್ದ ಕಂಬದ ಕಡೆ ಬಂದರು. ಉಡಚಮ್ಮ ಸಾರಿನ ಬಕೆಟ್ ಹಿಡಿದು ಸೀದಾ ಎದುರಿಗೆ ನಡೆದರು. ‘ಸರೀರಿ ಅಣ್ಣಾರ, ಸಾರು ಸುಡ್ತೈತೆ. ಬಿಳಿ ಅಂಗಿ ಬೇರೆ.’

ಮೊಬೈಲ್ ಕೆಳಗಿಳಿಯಿತು. ‘ಅಡುಗೆಯೋಳ ಕೈಲಿ ಹೇಳಿಸ್ಕೊಳ್ಳೋ ಹಂಗಾತಲ್ಲ ಸಿಸ್ಟರ್!’ ಎಂದು ಮಾಲತೇಶಪ್ಪ ಊಟ ಮಾಡದೇ ಹೊರಟರು. ಕೀರ್ತನಾ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಎರಡನೇ ಸಲವೂ ಅನ್ನ ಹಾಕಿಸಿಕೊಂಡಳು. ಸೋಮವಾರ ಶಾಲೆಗೆ ಮಾತ್ರ ಹೋಗಲಿಲ್ಲ.

ಮಂಗಳವಾರ ಸಿಸ್ಟರ್ ಉಡಚಮ್ಮನನ್ನು ಆಫೀಸಿಗೆ ಕರೆದರು. ಆಡಳಿತ ಸಮಿತಿಯಿಂದ ಮಾತು ಬಂದಿತ್ತು: ತಪ್ಪೊಪ್ಪಿಗೆ ಪತ್ರ ಕೊಡಬೇಕು, ಇಲ್ಲವೇ ಕೆಲಸ ಬಿಡಬೇಕು.

‘ಎರಡೇ ಸಾಲು ಉಡಚಮ್ಮ, ಅಲ್ಲಿಗೆ ಮುಗೀತದೆ. ನಿಮ್ಮನ್ನ ಕಳ್ಕೊಳ್ಳೋಕೆ ನನಗೆ ಆಗಲ್ಲ.’

‘ಅದಕ್ಕೇನಂತೆ, ಕೊಡ್ತೀನಿ. ನನಗೆ ಸಹಿಯೊಂದು ಬಿಟ್ರೆ ಅಕ್ಷರ ಬರಲ್ಲ. ಕೀರ್ತನಾನ ಕರೀರಿ, ಹೆಂಗೂ ಶಾಲಿಗೆ ಹೋಗಿಲ್ಲ ಅವಳು.’

ಹುಡುಗಿ ಬಂದು ಹಾಳೆ ಹಿಡಿದು ಕೂತಳು. ಉಡಚಮ್ಮ ಗೋಡೆ ನೋಡುತ್ತ ಬರೆಸಿದರು: ‘ನಾನು ಉಡಚಮ್ಮ. ಸಾರು ಬಿಸಿ ಇರುವಾಗ ಬಡಿಸಿದ್ದು ನನ್ನ ತಪ್ಪಲ್ಲ.’

ಪೆನ್ನು ನಿಂತಿತು. ‘ಅಲ್ಲ ಅಂತ ಬರೀಲಾ?’

‘ಅಲ್ಲ ಅಂತ್ಲೇ ಬರಿ. ಮಕ್ಕಳು ಉಣ್ಣೋದು ಯಾರಿಗೂ ತೋರಿಸೋಕಲ್ಲ. ಅದನ್ನೂ ಬರಿ.’

ಬರೆದ ಮೇಲೂ ಕೀರ್ತನಾ ಪೆನ್ನು ಕೆಳಗಿಡಲಿಲ್ಲ. ಪ್ರತಿ ಶನಿವಾರ ಆ ಆಫೀಸಿನ ಧೂಳು ಹೊಡೆಯುವುದು ಅವಳ ಪಾಳಿ. ಎದ್ದು ಹೋಗಿ ಗೋಡೆಯ ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿದಳು. ಹಿಂದೆ ಸರ್ಕಾರದ ಸೂಚನಾ ಫಲಕವಿತ್ತು. ಆಶ್ರಯದಲ್ಲಿರುವ ಮಗುವಿನ ಗುರುತು ತಿಳಿಯುವಂಥ ಚಿತ್ರವನ್ನು ಯಾರೂ ಪ್ರಕಟಿಸುವಂತಿಲ್ಲ ಎಂಬ ಸಾಲು ಅದರಲ್ಲಿತ್ತು. ನಿಂತುಕೊಂಡೇ ಅದನ್ನು ಪತ್ರದ ಕೊನೆಗೆ ನಕಲು ಮಾಡಿದಳು. ಉಡಚಮ್ಮ ಹಿಂದೊಮ್ಮೆ ಮಕ್ಕಳಿಂದಲೇ ಕಲಿತಿದ್ದ ಸಹಿಯನ್ನು ನಿಧಾನವಾಗಿ ಹಾಕಿದರು.

ಸಿಸ್ಟರ್ ಪತ್ರವನ್ನು ಓದಿ ಫಲಕವನ್ನು ನೋಡಿದರು. ಎಷ್ಟೋ ವರ್ಷಗಳ ಹಿಂದೆ ಅಲ್ಲಿ ಮೊಳೆ ಇದೆಯೆಂದು ಕ್ಯಾಲೆಂಡರ್ ತೂಗುಹಾಕಿದ್ದು ಅವರೇ. ಈಗ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಉಡಚಮ್ಮನ ಸಹಿಯ ಕೆಳಗೆ ತಮ್ಮದನ್ನೂ ಹಾಕಿ, ‘ಕೆಲಸ ಬಿಡಿಸೋದಾದ್ರೆ ಇಬ್ಬರನ್ನೂ ಬಿಡಿಸಬೇಕಾಗ್ತದೆ ಅವರು’ ಅಂದರು.

ಸಮಿತಿಯಿಂದ ಇನ್ನೂ ಉತ್ತರ ಬಂದಿಲ್ಲ. ಮಾಲತೇಶಪ್ಪ ಮತ್ತೆ ಬಂದಿಲ್ಲ, ಅವರ ಮಾತು ಕೇಳಿ ಇನ್ನೆರಡು ಕುಟುಂಬಗಳೂ ಬರುವುದನ್ನು ಬಿಟ್ಟಿವೆ. ಎಷ್ಟೋ ಭಾನುವಾರ ಈಗ ಬರೀ ಅನ್ನ, ಸಾರು. ‘ಹೋಳಿಗೆ ಯಾವಾಗ?’ ಎಂದು ಚಿಕ್ಕ ಮಕ್ಕಳು ಕೇಳುವುದುಂಟು. ‘ಬಾಯಿ ಮುಚ್ಕೊಂಡು ಬಿಸೀದು ಉಣ್ರಿ’ ಎಂಬುದೇ ಉಡಚಮ್ಮನ ಉತ್ತರ. ಕೀರ್ತನಾ ಆ ಬುಧವಾರ ಶಾಲೆಗೆ ಹೋದಳು. ತರಗತಿಯಲ್ಲಿ ಕೇಳುವವರು ಈಗಲೂ ಕೇಳುತ್ತಾರೆ. ‘ಅಡುಗೆ ಉಡಚಮ್ಮಂದು, ಬಂದು ಉಂಡು ನೋಡು’ ಅನ್ನುವುದನ್ನು ಅವಳು ಕಲಿತಿದ್ದಾಳೆ.

ಕಳೆದ ಭಾನುವಾರ ದಾವಣಗೆರೆಯ ಆನೆಕೊಂಡದಿಂದ ಒಂದು ಕುಟುಂಬ ಬಂದಿತ್ತು. ಊಟದ ಕೋಣೆಯ ಬಾಗಿಲಲ್ಲಿ ಕೀರ್ತನಾ ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದಳು.

‘ಮೊಬೈಲ್ ಇದ್ರೊಳಗೆ ಹಾಕ್ರಿ.’

‘ಯಾಕಮ್ಮ? ನಾವೇನು ಪರೀಕ್ಷೆಗೆ ಬಂದೀವಾ?’ ಎಂದರು ಮನೆಯ ಯಜಮಾನ.

‘ಊಟದ ಹೊತ್ತು’ ಎಂದಳು. ಬುಟ್ಟಿಯನ್ನು ಒಂದಿಷ್ಟೂ ಕೆಳಗಿಳಿಸಲಿಲ್ಲ.

ಯಜಮಾನರು ಜೇಬಿಗೆ ಕೈಹಾಕಿದರು. ಆಮೇಲೆ ಒಂದೊಂದಾಗಿ ನಾಲ್ಕು ಮೊಬೈಲ್ ಬಿದ್ದವು. ಕೀರ್ತನಾ ಬುಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದು ಕಂಬದ ಪಕ್ಕ ಕೂತಳು. ಪ್ರಾರ್ಥನೆ ನಡೆದಿರುವಾಗಲೇ ಬುಟ್ಟಿಯಲ್ಲಿ ಒಂದು ಫೋನು ರಿಂಗಾಗತೊಡಗಿತು. ಯಜಮಾನರು ಕತ್ತು ತಿರುಗಿಸಿದರು.

‘ಆಮೆನ್’ ಎಂದರು ಉಡಚಮ್ಮ, ಅದಕ್ಕಿಂತ ಜೋರಾಗಿ. ಸೌಟು ಸಾರಿಗೆ ಇಳಿಯಿತು.