ಚೆನ್ನಾಗಿದೆ ಅಂತ ಬರೆದ ಬೇಸಿಗೆ

ಆಗೆಲ್ಲ ಹಾಡು ಬೇಕೆಂದರೆ ಅಂಗಡಿಗೇ ಹೋಗಬೇಕಿತ್ತು. ಜೇಬಿನಿಂದ ಫೋನು ತೆಗೆದು ಬೆರಳಲ್ಲಿ ಸವರಿದರೆ ಸಾಕು ಎನ್ನುವ ಕಾಲ ಇನ್ನೂ ನಮ್ಮ ಹನೂರಿನ ತನಕ ಬಂದಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನಮ್ಮಪ್ಪನ ಟೇಪು ಅಂಗಡಿ ಇತ್ತು. ಇಬ್ಬರು ನಿಂತರೆ ಮೊಣಕೈ ತಾಗುವಷ್ಟು ಜಾಗ, ಮೂರು ಗೋಡೆಗೂ ಕ್ಯಾಸೆಟ್ಟು. ಒಳಗೆ ಕಾಲಿಟ್ಟರೆ ಟೇಪಿನ ಹೆಡ್ಡು ಒರೆಸುವ ಸ್ಪಿರಿಟ್ಟಿನ ವಾಸನೆ, ಬೆಸುಗೆ ಹಾಕಿದ ಹೊಗೆ, ಅದರ ಮೇಲೆ ಪಕ್ಕದ ಶಿವಮ್ಮತ್ತೆಯ ಟೀ ಅಂಗಡಿಯಿಂದ ಬರುವ ಮೆಣಸಿನಕಾಯಿ ಬೋಂಡದ ಘಾಟು. ಇವತ್ತಿಗೂ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ತೋಳಿಗೆ ಸ್ಪಿರಿಟ್ಟು ಒರೆಸಿದರೆ ನನಗೆ ನೋವಿಗಿಂತ ಮೊದಲು ಆ ಅಂಗಡಿಯೇ ನೆನಪಾಗುತ್ತದೆ.

ಅಪ್ಪನನ್ನು ಎಲ್ಲರೂ ಟೇಪು ಮಾದೇವಣ್ಣ ಅನ್ನುತ್ತಿದ್ದರು. ರಾಮಾಪುರದವರು, ಹೂಗ್ಯಂನವರು ಬಸ್ಸು ಬರುವ ತನಕ ನಮ್ಮ ಅಂಗಡಿಯ ನೆರಳಲ್ಲಿ ನಿಲ್ಲುತ್ತಿದ್ದರು. ಮಾರಾಟಕ್ಕಿಂತ ಅಪ್ಪನಿಗೆ ರೆಕಾರ್ಡಿಂಗ್ ಮೇಲೆ ಜೀವ. ಎರಡು ಕ್ಯಾಸೆಟ್ಟು ಹಾಕುವ ದೊಡ್ಡ ಮಿಷನ್ನು ಒಂದಿತ್ತು. ಅದನ್ನು ಟವೆಲ್ಲಿನಲ್ಲಿ ಸುತ್ತಿ ಮದುವೆ ಮನೆಗೆ ಹೊತ್ತುಕೊಂಡು ಹೋಗಿ ಹೆಂಗಸರ ಸೋಬಾನೆ ಹಿಡಿದು ತರುತ್ತಿದ್ದ. ಒಂದು ಮೂಲೆಯಲ್ಲಿ ಕೂತು, ಕಣ್ಣು ಮುಚ್ಚಿ, ಯಾರ ದನಿ ಎಲ್ಲಿ ಒಡೆಯಿತು, ಎಲ್ಲಿ ಮಗು ಅತ್ತಿತು ಎಂದು ಕೇಳಿಸಿಕೊಳ್ಳುತ್ತಿದ್ದ. ಅಷ್ಟು ಶ್ರದ್ಧೆಯಿಂದ ಇನ್ನೊಬ್ಬರನ್ನು ಕೇಳಿಸಿಕೊಂಡ ಮನುಷ್ಯನನ್ನು ನಾನು ಮತ್ತೆ ನೋಡಲಿಲ್ಲ. ತುಂಡಾದ ರೀಲನ್ನು ಉಗುರು ಬಣ್ಣ ಹಚ್ಚಿ ಅಂಟಿಸುತ್ತಿದ್ದ. ಆ ಬಣ್ಣದ ಬಾಟಲಿ ನನ್ನ ಉಗುರಿಗೆ ಮಾತ್ರ ಒಂದು ದಿನವೂ ಸಿಗಲಿಲ್ಲ. ಅಂಟಿಸಲಾಗದ ರೀಲು ನಮ್ಮ ಪಾಲು. ಅದನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿ ಓಡಿಸುತ್ತಿದ್ದೆವು, ಹಕ್ಕಿ ಹೆದರಲಿ ಅಂತ ಜೋಳದ ಹೊಲದ ಸುತ್ತ ಎಳೆದು ಕಟ್ಟುತ್ತಿದ್ದೆವು. ಗಾಳಿ ಬಂದರೆ ಹೊಲ ಇಡೀ ಗುಂಯ್ ಅನ್ನುತ್ತಿತ್ತು.

ನಾನು ಏಳನೇ ಕ್ಲಾಸಿನ ಪರೀಕ್ಷೆ ಮುಗಿಸಿದ ಬೇಸಿಗೆ ಅದು. ಕೊಳ್ಳೇಗಾಲದ ಏಜೆಂಟು ರಾಜಶೇಖರ ಸ್ಕೂಟರಿನಲ್ಲಿ ಬಂದು ಒಂದು ಡಬ್ಬಿ ಇಳಿಸಿದ. ಒಳಗೆ ಬೆಳ್ಳಿ ಬಣ್ಣದ, ಅಂಗೈಗಿಂತ ತುಸು ದೊಡ್ಡದಾದ ಒಂದು ದುಂಡನೆಯ ಯಂತ್ರ. ಮುಚ್ಚಳ ತೆಗೆದು ಸಿಡಿ ಕೂರಿಸಿ, ಎರಡು ಸಣ್ಣ ಸೆಲ್ಲು ಹಾಕಿ, ವಯರನ್ನು ಕಿವಿಗೆ ಸಿಕ್ಕಿಸಿಕೊಂಡರೆ ಹಾಡು. ಎಂಪಿತ್ರೀ ಅಂತೆ. ಒಂದೇ ಸಿಡಿಯಲ್ಲಿ ನೂರೈವತ್ತು ಹಾಡು. ನಮ್ಮ ಗೋಡೆಯ ಒಂದು ಸಾಲಿನಷ್ಟು ಹಾಡು ಒಂದು ತಟ್ಟೆಯಲ್ಲಿ ಕೂತಿದೆ ಎನ್ನುವುದೇ ಅಪ್ಪನಿಗೆ ದಿಗಿಲು, ಆಸೆ ಎರಡೂ. ಇದನ್ನು ಸೊಂಟಕ್ಕೆ ಕಟ್ಟಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ಏಜೆಂಟು ನಡೆದು ತೋರಿಸಿದ, ಬಹಳ ಹುಷಾರಾಗಿ.

ಅವನ ಷರತ್ತು ಹೀಗಿತ್ತು. ಯಂತ್ರವನ್ನು ಒಂದು ತಿಂಗಳು ಅಂಗಡಿಯಲ್ಲಿ ಇಡುತ್ತಾನೆ. ಬಂದವರಿಗೆಲ್ಲ ಕೇಳಿಸಿ, ಅವರ ಅಭಿಪ್ರಾಯವನ್ನು ಕಂಪನಿಯ ಫಾರಂನಲ್ಲಿ ಬರೆದಿಡಬೇಕು. ಜನ ಒಪ್ಪಿದರೆ ಹನೂರಿನ ಏಜೆನ್ಸಿ ಅಪ್ಪನಿಗೆ. ಆದರೆ ಹಳೆಯದೂ ಹೊಸದೂ ಒಂದೇ ಅಂಗಡಿಯಲ್ಲಿ ಇರಬಾರದಂತೆ. ಗೋಡೆಯ ಕ್ಯಾಸೆಟ್ಟುಗಳನ್ನೂ ಆ ರೆಕಾರ್ಡಿಂಗ್ ಮಿಷನ್ನನ್ನೂ ಅವನು ಒಯ್ಯುತ್ತಾನೆ, ಅದಕ್ಕೆ ಬದಲಾಗಿ ಇಂಥ ಇಪ್ಪತ್ತು ಯಂತ್ರ ಇಳಿಸುತ್ತಾನೆ. ಅಪ್ಪ ಆ ದಿನ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಜನ ಏನನ್ನುತ್ತಾರೋ ನೋಡಿ ಹೇಳುತ್ತೇನೆ ಅಂದ. ನನ್ನ ಕೈಬರಹ ದುಂಡಗಿತ್ತು, ಆದ್ದರಿಂದ ಫಾರಂ ಕಟ್ಟು ನನ್ನ ಕೈಗೆ ಬಂತು. ಹೊರಡುವಾಗ ಏಜೆಂಟು ನನ್ನ ತಲೆ ಸವರಿ, ಏಜೆನ್ಸಿ ಆಯಿತೆಂದರೆ ಈ ಸ್ಯಾಂಪಲ್ಲು ನಿನಗೇ ಅಂದ. ಅದನ್ನು ಅವನು ಅನ್ನದೇ ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಮಾರನೆಯ ಬೆಳಿಗ್ಗೆ ಅಪ್ಪ ಊದಿನಕಡ್ಡಿ ಹಚ್ಚಿ, ಯಂತ್ರದ ಮುಚ್ಚಳದ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದ. ಅಲ್ಲಿಗೆ ಕೆಲಸ ಕೆಟ್ಟಿತು. ನಮ್ಮ ಕಡೆ ವಿಭೂತಿ ಬಿದ್ದ ವಸ್ತುವನ್ನು ಯಾರೂ ಎದುರಿಗೆ ಹಳಿಯುವುದಿಲ್ಲ. ಹೊಸ ಎತ್ತಿರಲಿ, ಹೊಸ ಬಾಗಿಲಿರಲಿ, ಮೂರು ಪಟ್ಟೆ ಎಳೆದ ಮೇಲೆ ಅದು ಆ ಮನೆಯ ಕೂಸು. ಎತ್ತಿನ ಸುಳಿ ಸರಿಯಿಲ್ಲ ಎಂದು ಕಂಡರೂ ಯಜಮಾನನಿಗೆ ಚೆನ್ನಾಗಿದೆ ಅಂತಲೇ ಹೇಳಿ ಬರುತ್ತಾರೆ. ಆಮೇಲೆ ಟೀ ಅಂಗಡಿಯಲ್ಲಿ ಕೂತು ಆ ಮನೆಯ ಹುಡುಗರ ಕಿವಿಗೆ ನಿಜ ಹಾಕುತ್ತಾರೆ. ಆ ಹುಡುಗರು ಮನೆಗೆ ಹೋಗಿ ಹೇಳಬೇಕು. ಯಾರ ಬಾಯಿಗೂ ಕೆಟ್ಟ ಹೆಸರಿಲ್ಲ, ಎತ್ತೂ ತಿರುಗಿ ಸಂತೆಗೆ ಹೋಗುತ್ತದೆ. ಹಿರಿಯರು ಮಾಡಿಕೊಂಡ ಒಳ್ಳೆಯ ಏರ್ಪಾಡೇ ಅದು, ನಡುವೆ ನಿಂತವರು ನೆಟ್ಟಗಿದ್ದರೆ.

ಜನ ಬಂದರು. ಅಪ್ಪ ಒಬ್ಬೊಬ್ಬರನ್ನೂ ಸ್ಟೂಲಿನ ಮೇಲೆ ಕೂರಿಸಿ, ಮದುಮಗನಿಗೆ ಬಾಸಿಂಗ ಕಟ್ಟುವಂತೆ ಕಿವಿಗೆ ವಯರು ಸಿಕ್ಕಿಸುತ್ತಿದ್ದ. ಕಿವಿಯೊಳಗೆ ಹಾಡು ಬಿದ್ದೊಡನೆ ಅವರು ಬೆಚ್ಚಿ, ಊರಿಗೆಲ್ಲ ಕೇಳುವಂತೆ ಕೂಗಿ ಮಾತಾಡುತ್ತಿದ್ದರು. ನಾನು ನಗು ತಡೆದುಕೊಂಡು ಫಾರಂ ಹಿಡಿದು ಕೇಳುತ್ತಿದ್ದೆ. ಸದ್ದು ಹೇಗಿದೆ? ಚೆನ್ನಾಗದೆ. ಹೊತ್ತುಕೊಂಡು ತಿರುಗಲು ಹೇಗಿದೆ? ಅದೂ ಚೆನ್ನಾಗದೆ. ಸೆಲ್ಲು ಎಷ್ಟು ದಿನ ಬಂದೀತು? ಬತ್ತದೆ ಬುಡು. ಕೊಳ್ಳುತ್ತೀರಾ ಎನ್ನುವ ಕೊನೆಯ ಸಾಲಿಗೆ ಮಾತ್ರ ಎಲ್ಲರಿಗೂ ಬಸ್ಸಿನ ನೆನಪಾಗುತ್ತಿತ್ತು. ನೋಡಾನ ಅಂದು ಎದ್ದು ಹೋಗುತ್ತಿದ್ದರು. ನೋಡಾನ ಅಂದರೆ ಹೂಂ ಅಂತಲೇ ಬರಿ ಎಂದು ಅಪ್ಪ ಹೇಳುತ್ತಿದ್ದ, ನಾನು ಹಾಗೇ ಬರೆಯುತ್ತಿದ್ದೆ.

ಅವರು ನೆಟ್ಟಗೆ ಹೋಗುತ್ತಿದ್ದದ್ದು ಬಸ್ಸಿಗಲ್ಲ, ಶಿವಮ್ಮತ್ತೆಯ ಬೆಂಚಿಗೆ. ಅಪ್ಪನಿಗೆ ಟೀ ತರಲು ನಾನು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗುತ್ತಿದ್ದೆ. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ಚೀಪುತ್ತಾ ನಿಂತರೆ ಯಂತ್ರದ ಪೂರ್ತಿ ಜಾತಕ ಕಿವಿಗೆ ಬೀಳುತ್ತಿತ್ತು. ನಾಲ್ಕು ಹೆಜ್ಜೆ ಜೋರಾಗಿ ಹಾಕಿದರೆ ಹಾಡು ತೊದಲುತ್ತದೆ, ನಮ್ಮ ರಸ್ತೆಯ ಬಸ್ಸಿನಲ್ಲಿ ಇದು ಬಾಯೇ ಬಿಡುವುದಿಲ್ಲ. ಸೆಲ್ಲು ಕಡ್ಲೆಪುರಿ ತಿಂದಂತೆ ತಿನ್ನುತ್ತದೆ. ಅದರ ಪುಟ್ಟ ಪರದೆಯಲ್ಲಿ ಹಾಡಿನ ಹೆಸರು ಇಂಗ್ಲಿಷಿನಲ್ಲಿ ಓಡುತ್ತದೆ, ಕೂಡಿಸಿ ಓದುವ ಹೊತ್ತಿಗೆ ಹಾಡೇ ಮುಗಿದಿರುತ್ತದೆ. ಮನೆಯಲ್ಲಿ ಆರು ಜನ ಇದ್ದು ಒಬ್ಬನೇ ಕೇಳುವುದು ಎಂಥ ಹಾಡು? ರಾಮಾಪುರದ ಒಬ್ಬ ಮುದುಕಿಯಂತೂ, ಬರೀ ಗಾಳಿಗೆ ತಲೆಯಾಡಿಸುತ್ತಾ ಕೂತರೆ ನಮ್ಮೂರಲ್ಲಿ ದೆವ್ವ ಮೆಟ್ಟಿಕೊಂಡಿದೆ ಅಂತ ಬೇವಿನ ಸೊಪ್ಪು ತರುತ್ತಾರೆ ಅಂದಳು. ಹೇಳುವಾಗ ಎಲ್ಲರೂ ಓರೆಗಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದರು. ನನಗೆ ಗೊತ್ತಿತ್ತು. ನಾನೇ ಆ ಮನೆಯ ಹುಡುಗಿ, ಹೇಳಬೇಕಾದವಳು.

ಹೇಳಲಿಲ್ಲ. ಸಂಜೆ ಅಂಗಡಿ ಬಾಗಿಲು ಹಾಕುವ ಮೊದಲು ಒಂದು ಗಳಿಗೆ ಯಂತ್ರ ನನ್ನದು. ಸ್ಟೂಲಿನ ಮೇಲೆ ಅಲುಗಾಡದೆ ಕೂತು ಕಿವಿಗೆ ಹಾಕಿಕೊಂಡರೆ ಬಸ್ಸಿನ ಹಾರನ್ನು, ಅಪ್ಪನ ಕೆಮ್ಮು ಎಲ್ಲ ದೂರ ಹೋಗಿ, ಲೋಕದಲ್ಲಿ ನಾನೊಬ್ಬಳೇ ಇದ್ದೇನೆ ಅನ್ನಿಸುತ್ತಿತ್ತು. ಹನ್ನೆರಡು ವರ್ಷದ ಹುಡುಗಿಗೆ ಅಂಥ ಸುಖ ಬೇರೆ ಎಲ್ಲಿ ಸಿಗಬೇಕು? ಅದು ನನ್ನದಾಗಬೇಕಿತ್ತು, ಅಷ್ಟೆ.

ತಿಂಗಳು ಮುಗಿಯಲು ಎರಡು ದಿನ ಇದ್ದಾಗ ಹೂಗ್ಯಂನಿಂದ ಬಸಪ್ಪ ದೊಡ್ಡಪ್ಪ ಬಂದ. ಸಂಬಂಧ ಏನೂ ಇರಲಿಲ್ಲ, ಅಪ್ಪನ ಹಳೆಯ ಗೆಳೆಯ, ನಾವು ಕರೆಯುತ್ತಿದ್ದದ್ದು ಹಾಗೆ. ಅವನ ಹೊಲ ಕಾಡಿನ ಅಂಚಿನಲ್ಲಿ. ಬೆಳೆಗೆ ಆನೆ ಬೀಳದಂತೆ ಕಾಯುವಾಗ ಅಟ್ಟಣೆಯ ಮೇಲೆ ಟೇಪು ಇಟ್ಟು ಬೆಳಗಿನ ತನಕ ಜೋರಾಗಿ ಹಾಡಿಸುತ್ತಿದ್ದ. ಅದಕ್ಕೆಂದೇ ತಿಂಗಳಿಗೊಮ್ಮೆ ಬಂದು ಕ್ಯಾಸೆಟ್ಟು ತುಂಬಿಸಿಕೊಂಡು ಹೋಗುತ್ತಿದ್ದ. ಅಪ್ಪ ಅವನ ಕಿವಿಗೂ ವಯರು ಸಿಕ್ಕಿಸಿದ. ಬಸಪ್ಪ ದೊಡ್ಡಪ್ಪ ಒಂದು ಹಾಡು ಪೂರ್ತಿ ಕೇಳಿ, ಮುಚ್ಚಳದ ಮೇಲಿನ ವಿಭೂತಿ ನೋಡಿ, ಚೆನ್ನಾಗದೆ ಮಾದೇವ ಅಂದ. ನಾನು ಟೀಗೆ ಹೋದಾಗ ಬೆಂಚಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡ.

"ಮಗ, ನಿಮ್ಮಪ್ಪುನ್ಗೆ ಏಳು. ವಿಬೂತಿ ಅಚ್ಬುಟ್ಟವ್ನೆ, ನನ್ ಬಾಯಲ್ಲಿ ಬ್ಯಾಡ. ಅದ ಕಿವಿಗೆ ಸಿಕ್ಕುಸ್ಕಂಡು ಅಟ್ಟಣೆ ಮೇಲೆ ಕೂತ್ರೆ, ಆನೆ ಬೆನ್ನಿಂದ್ಕೆ ಬಂದು ನಿಂತ್ರೂ ಗೊತ್ತಾಗದಿಲ್ಲ. ನಮ್ಗೆ ಕಾಡ್ಗೆ ಕೇಳಂಗೆ ಆಡ್ಬೇಕು, ಒಬ್ನ ಕಿವಿಗಲ್ಲ. ನಮ್ ಕಡೆಯೋರು ಒಬ್ರೂ ತಕಳದಿಲ್ಲ. ಆ ರೆಕಾರ್ಡಿಂಗ್ ಮಿಷನ್ನ ಮಾತ್ರ ಕೊಡ್ಬ್ಯಾಡ ಅನ್ನು. ಏಳ್ತೀಯಾ?"

ಏಳ್ತೀನಿ ದೊಡ್ಡಪ್ಪ ಅಂದೆ. ಅವನು ನನಗೊಂದು ಬೋಂಡ ಕೊಡಿಸಿ ಬಸ್ಸು ಹತ್ತಿದ.

ಟೀ ಲೋಟ ಮೇಜಿನ ಮೇಲಿಟ್ಟಾಗ ಅಪ್ಪ ತಲೆಯೆತ್ತಿ, ಬಸಪ್ಪ ಆಚೆಗೆ ಏನಂದ ಮಗ ಎಂದು ಕೇಳಿದ. ಅಂದರೆ ಅವನಿಗೂ ರೂಢಿ ಗೊತ್ತಿತ್ತು. ಒಂದು ತಿಂಗಳಿನಿಂದ ನನ್ನ ಬಾಯಿಂದ ಏನಾದರೂ ಬಂದೀತು ಎಂದು ಕಾಯುತ್ತಲೇ ಇದ್ದ. ಯಂತ್ರ ಅವನ ಕೈಯ ಪಕ್ಕದಲ್ಲೇ ಹೊಳೆಯುತ್ತಿತ್ತು.

"ಚೆನ್ನಾಗದೆ ಅಂದ ಕಣಪ್ಪ," ಅಂದೆ.

ಅಪ್ಪನ ಮುಖದಲ್ಲಿ ಬಂದ ಗೆಲುವನ್ನು ನಾನು ಮರೆತಿಲ್ಲ. ಬಸಪ್ಪ ಒಪ್ಪಿದ ಮೇಲೆ ಆಯಿತು ಬಿಡು ಅಂದ.

ಏಜೆಂಟು ಟೆಂಪೋ ತಂದು ಮೂರು ಗೋಡೆ ಬರಿದು ಮಾಡಿದ. ರೆಕಾರ್ಡಿಂಗ್ ಮಿಷನ್ನನ್ನು ಅಪ್ಪ ತಾನೇ ಟವೆಲ್ಲಿನಲ್ಲಿ ಸುತ್ತಿ, ಮೇಲಕ್ಕೆ ಎತ್ತಿ ಕೊಟ್ಟ. ಸೋಬಾನೆಯ ಕ್ಯಾಸೆಟ್ಟುಗಳೂ ಅದರ ಜೊತೆಗೇ ಹೋದವು. ಆ ದನಿಗಳಲ್ಲಿ ಅರ್ಧದಷ್ಟು ಜನ ಈಗ ಇಲ್ಲ. ಇಪ್ಪತ್ತು ಯಂತ್ರ ಗಾಜಿನ ಹಿಂದೆ ಸಾಲಾಗಿ ಕೂತವು. ಒಬ್ಬ ಮೇಷ್ಟ್ರು ಒಂದು ಕೊಂಡರು, ವಾರಕ್ಕೆ ವಾಪಸ್ಸು ತಂದರು. ರಾಮಾಪುರದವರು, ಹೂಗ್ಯಂನವರು ಕ್ಯಾಸೆಟ್ಟು ಬೇಕೆಂದು ಬಂದು, ಬರೀ ಗೋಡೆ ನೋಡಿ, ಚೆನ್ನಾಗದೆ ಅಂದು ಹೋದರು. ಏಜೆಂಟಿನ ಸ್ಕೂಟರು ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಎರಡು ದೀಪಾವಳಿ ಕಳೆಯುವುದರೊಳಗೆ ಮೊಬೈಲಿನಲ್ಲೇ ಹಾಡು ಬಂತು. ಅಪ್ಪ ಬಾಗಿಲು ಹಾಕಿ, ಕಲ್ಯಾಣ ಮಂಟಪವೊಂದರಲ್ಲಿ ಕಾವಲಿಗೆ ಸೇರಿದ. ಮದುವೆ ನಡೆಯುವಾಗ ಒಳಗೆ ಸೋಬಾನೆ ಕೇಳಿಸಿದರೆ ಎದ್ದು ಗೇಟಿನ ಹೊರಗೆ ಹೋಗಿ ನಿಲ್ಲುತ್ತಿದ್ದನಂತೆ.

ಕ್ಯಾಸೆಟ್ಟು ಹೇಗೂ ಸಾಯುತ್ತಿತ್ತು, ನಾನು ಹೇಳಿದ್ದರೂ ಅಷ್ಟೆ, ಎಂದು ಮನಸ್ಸಿಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅಂಗಡಿಯ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ಅಪ್ಪ ಕಳೆದುಕೊಂಡದ್ದು ಅಂಗಡಿಯೊಂದನ್ನೇ ಅಲ್ಲ. ಜನರೆಲ್ಲ ಸೇರಿ ತನಗೆ ಮೋಸ ಮಾಡಿದರು ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಶಿವಮ್ಮತ್ತೆಯ ಬೆಂಚಿಗೆ ಹೋಗುವುದನ್ನು ಬಿಟ್ಟ. ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಬಸಪ್ಪ ದೊಡ್ಡಪ್ಪ ಎದುರಾಗಿ, ಮಾದೇವ ಎಂದು ಕರೆದ. ಅಪ್ಪ ಮುಖ ತಿರುಗಿಸಿಕೊಂಡು ನಡೆದ. ಬಸಪ್ಪ ದೊಡ್ಡಪ್ಪ ನನ್ನನ್ನು ನೋಡಿದ. ನಾನು ಚಪ್ಪಲಿ ನೋಡಿಕೊಂಡೆ.

ನಾನೀಗ ಯಳಂದೂರಿನ ಶಾಲೆಯಲ್ಲಿ ಮೇಷ್ಟ್ರಮ್ಮ. ನನ್ನ ಮಗಳು ಒಂದು ನೀರಿನ ಬಾಟಲಿ ತರಿಸುವುದಕ್ಕೂ ಫೋನಿನಲ್ಲಿ ಹತ್ತು ಜನರ ಅಭಿಪ್ರಾಯ ಓದುತ್ತಾಳೆ. ಒಂದು ದಿನ ಅವಳ ಕೈಯಲ್ಲಿ ನಮ್ಮ ಆ ಯಂತ್ರದ ಜಾತಿಯದೇ ಒಂದನ್ನು ಹುಡುಕಿಸಿದೆ. ಎಲ್ಲಿನವರೋ, ಯಾವ ಕಾಲದಲ್ಲೋ ಬರೆದದ್ದು ಇನ್ನೂ ಇತ್ತು. ನಡೆದರೆ ಹಾಡು ನಿಲ್ಲುತ್ತದೆ. ಸೆಲ್ಲು ಬೇಗ ಮುಗಿಯುತ್ತದೆ. ಮುಖ ಕಾಣದ ಜನ, ವಿಭೂತಿ ಕಾಣದ ಜನ, ಎಷ್ಟು ಸಲೀಸಾಗಿ ಹೇಳಿದ್ದಾರೆ. ಶಿವಮ್ಮತ್ತೆಯ ಬೆಂಚಿನಲ್ಲಿ ನಾನು ಕೇಳಿದ್ದರಲ್ಲಿ ಆನೆಯೊಂದು ಬಿಟ್ಟು ಎಲ್ಲವೂ ಅಲ್ಲಿತ್ತು. ಮಗಳು ಯಾಕಮ್ಮ ಅಂದಳು, ಏನಿಲ್ಲ ಅಂದೆ.

ಹೋದ ವರ್ಷ ಅಪ್ಪ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮಲಗಿದ್ದ. ಒಂದು ಮಧ್ಯಾಹ್ನ ನರ್ಸಮ್ಮ ಸ್ಪಿರಿಟ್ಟು ಒರೆಸಿ ಹೋದ ಮೇಲೆ, ಆ ವಾಸನೆಗೋ ಏನೋ, ತಾನಾಗಿಯೇ ಮಾತು ತೆಗೆದ.

"ಅಷ್ಟು ಜನ ಬಂದ್ರು ಮಗ. ಒಬ್ನಾದ್ರೂ ಏಳ್ಬೋದಾಗಿತ್ತು ಅಲ್ವಾ?"

ಇಷ್ಟು ವರ್ಷ ಆದ ಮೇಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ. ಬಂದದ್ದು, ಹೂಂ ಕಣಪ್ಪ, ಅಷ್ಟೆ. ನಾಲ್ಕನೆಯ ದಿನ ಅವನು ಹೋದ.

ಮಣ್ಣಿಗೆ ಬಸಪ್ಪ ದೊಡ್ಡಪ್ಪ ಬಂದಿದ್ದ. ಬೆನ್ನು ಬಾಗಿತ್ತು, ಕೋಲು ಹಿಡಿದಿದ್ದ. ಎಲ್ಲ ಮುಗಿದು ಜನ ಕೈಕಾಲು ತೊಳೆಯುವಾಗ ನನ್ನ ಹತ್ತಿರ ಬಂದು ನಿಂತ. ಇದೊಂದು ಮಾತನ್ನು ಎಷ್ಟು ವರ್ಷದಿಂದ ಹೊತ್ತು ತಿರುಗುತ್ತಿದ್ದನೋ, ಮೆಲ್ಲಗೆ ಕೇಳಿದ.

"ಆವತ್ತು ನಾನೇಳಿದ್ದ ನಿಮ್ಮಪ್ಪುನ್ಗೆ ಏಳಿದ್ದೀಯ ತಾನೆ ಮಗ?"

"ಏಳಿದ್ದೆ ದೊಡ್ಡಪ್ಪ."

ಅವನು ತಲೆಯಾಡಿಸಿದ. "ಸರಿ ಬುಡು. ನಾನೂ ಅಂಗೇ ಅನ್ಕಂಡಿದ್ದೆ. ಯಾರ್ ಮಾತ್ನೂ ಕಿವಿಗಾಕಳದಿಲ್ಲ ಅವ್ನು." ಹಾಗಂದು ಕೋಲೂರಿಕೊಂಡು ಬಸ್ಸಿನ ಕಡೆ ನಡೆದ.

ಏಜೆಂಟು ಮಾತಿಗೆ ತಪ್ಪಲಿಲ್ಲ, ಆ ಸ್ಯಾಂಪಲ್ಲು ನನ್ನ ಹತ್ತಿರವೇ ಇದೆ. ಟ್ರಂಕಿನ ತಳದಲ್ಲಿದೆ, ಓಡುವುದಿಲ್ಲ. ಅಂಗಡಿ ಹೋಯಿತು, ಸೋಬಾನೆಯ ದನಿಗಳು ಹೋದವು, ಗೆಳೆಯ ಹೋದ, ಅಪ್ಪನೂ ಹೋದ. ಅವನ ಪಾಲಿಗೆ ಉಳಿದಿದ್ದದ್ದು ಎಲ್ಲರನ್ನೂ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ ಟೇಪು ಮಾದೇವಣ್ಣ ಎಂಬ ಹೆಸರು ಒಂದೇ. ಅವನ ಮಣ್ಣು ಇನ್ನೂ ಹಸಿಯಿರುವಾಗ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಅದನ್ನೂ ನಾನೇ ಕಳೆದೆ.